ಸೂರಿಲ್ಲದವನ ಪಾಲು

ಎಲ್ಲರೂ ಕೂಡಿಸಿದ ಹಣದಿಂದ ಕೆಲವರಿಗೆ ಮಾತ್ರ ನೆರವು ಸಲ್ಲುವುದು ನ್ಯಾಯವೆ? ಸಾಂಗಲಿ-ಮಿರಜಗಳ ತಾರಸಿಗಳ ಮೇಲೆ ಸೌರಫಲಕಗಳನ್ನು ಕಂಡಾಗ ನಮ್ಮಲ್ಲಿ ಈ ಪ್ರಶ್ನೆ ಏಳುತ್ತದೆ.

ಕೇಂದ್ರ ಸರಕಾರವು 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು ಒಂದು ಕಿಲೋವ್ಯಾಟಿನ ಸೌರಸಾಧನಕ್ಕೆ 30,000, ಮೂರು ಕಿಲೋವ್ಯಾಟಿಗೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ಅದನ್ನು ಪಡೆಯಲು ಸ್ವಂತ ಸೂರು ಬೇಕು. ಉಳಿದ ವೆಚ್ಚವನ್ನು ಭರಿಸುವ ಶಕ್ತಿಯೂ ಬೇಕು. ಮಿರಜಿನ ಬಾಡಿಗೆಯ ಕೋಣೆಯಲ್ಲಿ ಕುಳಿತು ಸಿತಾರಿಗೆ ತಂತಿ ಬಿಗಿಯುವವನಿಗೆ ಇವೆರಡೂ ಇಲ್ಲದಿರಬಹುದು. ಆದರೂ ಅವನು ಕೊಳ್ಳುವ ಸಾಬೂನಿನ ಬೆಲೆಯಲ್ಲಿ ತೆರಿಗೆಯಿದೆ. ನೆರೆಯವನ ಫಲಕದಲ್ಲಿ ಅವನ ಕಾಸೂ ಸೇರಿದೆ.

ಹಾಗೆಂದು ಸಹಾಯಧನವೇ ತಪ್ಪೆನ್ನಲಾಗದು. ಕಲ್ಲಿದ್ದಲು ಉರಿಯುವುದು ಕಡಿಮೆಯಾದಷ್ಟೂ ಗಾಳಿಯು ಎಲ್ಲರಿಗೂ ತಿಳಿಯಾಗುತ್ತದೆ. ಆದರೆ ವಿದ್ಯುತ್ತಿನ ಖರ್ಚು ಇಳಿಯುವುದು ಸೂರುಳ್ಳವನಿಗೇ. ಹೀಗಾಗಿ ಒಳಿತಿನ ಕಾರ್ಯವೊಂದು ಇದ್ದ ಅಂತರವನ್ನು ಹೆಚ್ಚಿಸಲೂಬಹುದು.

ಬೇರೆ ದಾರಿಗಳಿಲ್ಲದಿಲ್ಲ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ ಸಾರ್ವಜನಿಕ ಸಂಸ್ಥೆಯೊಂದು ಎಲ್‌ಇಡಿ ದೀಪಗಳನ್ನು ಒಟ್ಟಾಗಿ ಖರೀದಿಸಿ ಅಗ್ಗಕ್ಕೆ ಒದಗಿಸಿತು. ಆ ದೀಪಕ್ಕೆ ಬಾಡಿಗೆಯ ಮನೆಯೂ ಸಾಕಾಗಿತ್ತು. ಯುರೋಪಿನ ಒಕ್ಕೂಟವು 2023ರಲ್ಲಿ ದುರ್ಬಲ ಕುಟುಂಬಗಳಿಗೂ ಕಿರು ಉದ್ದಿಮೆಗಳಿಗೂ ನೆರವಾಗಲೆಂದು ಸಾಮಾಜಿಕ ಹವಾಮಾನ ನಿಧಿಯನ್ನು ಸ್ಥಾಪಿಸಿತು.

ಸಾರ್ವಜನಿಕ ಧನವು ಎಷ್ಟು ಫಲಕಗಳನ್ನು ನಿಲ್ಲಿಸಿತೆಂಬುದೊಂದೇ ಅದರ ಅಳತೆಯಲ್ಲ. ಕೊಟ್ಟೂ ಪಡೆಯದವನನ್ನು ಅದು ನೆನೆಯಿತೆ ಎಂಬುದೂ ಅಳತೆ. ಆದುದರಿಂದ ಶಾಲೆ, ದವಾಖಾನೆಗಳ ಸೂರುಗಳಿಗೆ ಈ ಧನವು ಮೊದಲು ಸಲ್ಲಲಿ ಎನ್ನುತ್ತೇವೆ. ಸ್ವಂತ ಮನೆಯಿಲ್ಲದ ಮಗುವಿಗೂ ಶಾಲೆಯ ಸೂರು ತನ್ನದೇ ಆಗಿರುತ್ತದೆ.