ಮುಚ್ಚಿಡೋಕೆ ನಮ್ಮ ಹತ್ರ ಏನಿದೆ?

2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಮನೆಗಳ ಬಾಗಿಲಿಗೆ ಒಂದೊಂದು ಚೀಟಿ ಬಂದು ಅಂಟಿತು. ಕರೆಂಟ್ ಮೀಟರ್ ಓದುವವರೇ ಅಂಟಿಸಿ ಹೋದ ಆ ಚೀಟಿಯ ಮೇಲೆ ಮನೆಗೊಂದು ಸಂಖ್ಯೆ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ, ಅಂದರೆ ಜನರ ಬಾಯಲ್ಲಿ ಜಾತಿಗಣತಿಗೆ, ಅದು ಪೀಠಿಕೆ. ಹಿಂದೆಯೇ 60 ಪ್ರಶ್ನೆ ಹಿಡಿದು ಮೇಷ್ಟ್ರುಗಳು ಬಂದರು. ಜಾತಿ, ಉಪಜಾತಿ, ಆದಾಯ, ಸಾಲ, ಆಸ್ತಿ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರಿಗೇ ಇದು ಅತಿಯಾಯಿತು ಅನ್ನಿಸಿತು. ಕೋಳಿ ಎಷ್ಟಿವೆ, ಬಂಗಾರ ಎಷ್ಟಿದೆ ಎಂದೆಲ್ಲ ಕೇಳಲು ಹೋಗಬೇಡಿ, ಅದು ಅವರವರ ಖಾಸಗಿ ವಿಚಾರ ಎಂದು ಅಧಿಕಾರಿಗಳಿಗೆ ಹೇಳಿದರು. ಹೈಕೋರ್ಟ್ ಸೆಪ್ಟೆಂಬರ್ 25ರಂದು ಸಮೀಕ್ಷೆಗೆ ತಡೆ ಕೊಡಲಿಲ್ಲ. ಆದರೆ ಮಾಹಿತಿ ಕೊಡುವುದು ಬಿಡುವುದು ಜನರ ಇಷ್ಟ, ಕೊಟ್ಟದ್ದು ಗೋಪ್ಯವಾಗಿರಬೇಕು ಎಂದಿತು.

ಆ ದಿನಗಳಲ್ಲಿ ಹೋಟೆಲ್ ಮೇಜಿನ ಮೇಲೂ ವಾಟ್ಸಾಪ್ ಗುಂಪುಗಳಲ್ಲೂ ನಡೆದ ಮಾತನ್ನು ಕೇಳಿದವರಿಗೆ ಒಂದು ತಮಾಷೆ ಕಂಡಿರಬೇಕು. ಆಧಾರ್ ಬಂದಾಗ "ಕಳ್ಳರಿಗಷ್ಟೇ ಭಯ, ನಮಗೇನು" ಎಂದಿದ್ದವರು ಈಗ "ನಮ್ಮನೆ ವಿಚಾರ ಇವರಿಗ್ಯಾಕೆ" ಎನ್ನುತ್ತಿದ್ದರು. ಆಧಾರ್ ಎಂದರೆ ಬೇಹುಗಾರಿಕೆ ಎಂದು ಗಂಟಲು ಹರಿದುಕೊಂಡವರು "ಹೇಳಿದರೆ ಏನು ಗಂಟು ಹೋಗುತ್ತೆ" ಎಂದು ಕೇಳುತ್ತಿದ್ದರು. ಪ್ರಶ್ನೆಯೂ ಅದೇ, ಉತ್ತರವೂ ಅದೇ. ಹೇಳುವ ಬಾಯಿಗಳು ಮಾತ್ರ ಅದಲುಬದಲಾಗಿದ್ದವು.

ರಾಜಕಾರಣಿಗಳಂತೂ ಈ ಅದಲುಬದಲನ್ನು ನಾಚಿಕೆಯಿಲ್ಲದೆ ಮಾಡಿದ್ದಾರೆ. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ, ಯುಪಿಎ ಸರ್ಕಾರದ ಕೈಯಲ್ಲಿ, ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ. 2014ರಲ್ಲಿ ನಿಲೇಕಣಿ ಬೆಂಗಳೂರು ದಕ್ಷಿಣದಿಂದ ಕಾಂಗ್ರೆಸ್ ಅಭ್ಯರ್ಥಿಯಾದಾಗ ನರೇಂದ್ರ ಮೋದಿ ಬೆಂಗಳೂರಿಗೇ ಬಂದು ಆಧಾರ್ ಯೋಜನೆಯನ್ನು ತರಾಟೆಗೆ ತೆಗೆದುಕೊಂಡರು. ನಿಲೇಕಣಿ ಅನಂತಕುಮಾರ್ ಎದುರು ಸೋತರು. ಎರಡೇ ವರ್ಷದಲ್ಲಿ ಮೋದಿ ಸರ್ಕಾರವೇ ಆಧಾರ್‌ಗೆ ಕಾಯ್ದೆ ತಂದಿತು, ಅದೂ ರಾಜ್ಯಸಭೆಯ ಕೈ ಕಟ್ಟಿಹಾಕಲು ಹಣಕಾಸು ಮಸೂದೆಯ ರೂಪದಲ್ಲಿ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕಾಂಗ್ರೆಸ್ಸಿನ ಜೈರಾಮ್ ರಮೇಶ್. ಆಧಾರ್ ಕಾರ್ಡು ಇದ್ದಲ್ಲೇ ಇತ್ತು, ಕುರ್ಚಿಗಳು ಬದಲಾಗಿದ್ದವು.

ಇದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕಿದರೆ ನಮಗೇ ನಷ್ಟ. ಈ ಅದಲುಬದಲಿನಲ್ಲಿ ಒಂದು ಅರೆಬರೆ ತಿಳಿವಳಿಕೆ ಇದೆ. ನಮ್ಮ ಮಾಹಿತಿ ಯಾರ ಕೈಯಲ್ಲಿದೆ ಅನ್ನುವುದೇ ಮುಖ್ಯ ಎಂದು ಎರಡೂ ಕಡೆಯವರಿಗೆ ಒಳಗೊಳಗೆ ಗೊತ್ತು. "ಮುಚ್ಚಿಡೋಕೆ ನಮ್ಮ ಹತ್ರ ಏನಿದೆ" ಎಂಬ ಮಾತಿನ ಪೂರ್ತಿ ರೂಪ "ಇವರ ಮುಂದೆ ಮುಚ್ಚಿಡೋಕೆ ನಮ್ಮ ಹತ್ರ ಏನಿದೆ" ಎಂಬುದು. "ಇವರ ಮುಂದೆ" ಎಂಬುದನ್ನು ನುಂಗಿಕೊಂಡು ಹೇಳುತ್ತೇವೆ, ಅಷ್ಟೆ. ಐದು ವರ್ಷಕ್ಕೊಮ್ಮೆ "ಇವರು" ಬದಲಾಗಬಹುದು, ಕೊಟ್ಟ ಮಾಹಿತಿ ಮಾತ್ರ ವಾಪಸು ಬರುವುದಿಲ್ಲ ಎಂಬುದು ಆ ಕ್ಷಣಕ್ಕೆ ನೆನಪಾಗದು.

ಈ ಮಾತಿನ ಬೇರು ಹಳೆಯದು. ಮುಚ್ಚಿದ ಕೋಣೆ ನಮ್ಮಲ್ಲಿ ಬಹುಮಂದಿಗೆ ಎಂದೂ ಇರಲಿಲ್ಲ. ವಠಾರದಲ್ಲಿ ಬೆಳೆದವರಿಗೆ ಗೋಡೆಯಾಚೆಯ ಕೆಮ್ಮು ಯಾರದು, ಜಗಳ ಯಾವುದಕ್ಕೆ, ಯಾರ ಮನೆಗೆ ಸಾಲದವನು ಬಂದು ಹೋದ ಎಂಬುದೆಲ್ಲ ನಲ್ಲಿ ಮುಂದೆ ಬಿಂದಿಗೆ ತುಂಬುವಷ್ಟರಲ್ಲಿ ಗೊತ್ತಾಗುತ್ತಿತ್ತು. ಹಾಗೆ ಬದುಕಿದವರಿಗೆ "ನಿಮ್ಮ ಖಾಸಗಿ ಹಕ್ಕು ಹೋಗುತ್ತಿದೆ" ಎಂದರೆ ಅದು ಯಾರೋ ಸಿರಿವಂತರ ಚಿಂತೆಯಂತೆ ಕೇಳಿಸಿದರೆ ತಪ್ಪೇನು? ಆದರೆ ವಠಾರದ ನೋಟಕ್ಕೆ ಒಂದು ಗುಣವಿತ್ತು. ಎದುರು ಮನೆಯವರಿಗೆ ನಿಮ್ಮ ಸಾಲ ಗೊತ್ತಿದ್ದರೆ ಅವರ ಮಗ ಫೇಲಾದದ್ದು ನಿಮಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಇಬ್ಬರಿಗೂ ನಷ್ಟ. ಸಮಾನರ ನಡುವೆ ನೋಟ ಎರಡೂ ಕಡೆ ಹರಿಯುತ್ತಿತ್ತು.

ಸಮಾನರಲ್ಲದವರ ನಡುವೆ? ಅಲ್ಲಿ ಆ ವಠಾರ, ಆ ಊರು ಎಷ್ಟು ಕ್ರೂರವಾಗಬಲ್ಲದು ಎಂಬುದು ಹೆಣ್ಣುಮಕ್ಕಳಿಗೂ ದಲಿತರಿಗೂ ಗೊತ್ತು. ಯಾರು ಎಷ್ಟು ಹೊತ್ತಿಗೆ ಮನೆಗೆ ಬಂದಳು ಎಂದು ಲೆಕ್ಕ ಇಡುವ ಕಣ್ಣುಗಳು ತಮ್ಮ ಲೆಕ್ಕವನ್ನು ಅವಳಿಗೆ ಕೊಡುತ್ತಿರಲಿಲ್ಲ. ಊರು ಬಿಟ್ಟು ಬೆಂಗಳೂರಿಗೆ ಬಂದ ಎಷ್ಟೋ ಜನಕ್ಕೆ ಈ ಮಹಾನಗರ ಕೊಟ್ಟ ದೊಡ್ಡ ಸುಖವೆಂದರೆ ಯಾರಿಗೂ ತಮ್ಮ ಗುರುತಿಲ್ಲದಿರುವುದು. ಆ ಸುಖವೂ ಪೂರ್ತಿಯಲ್ಲ, ಬಾಡಿಗೆ ಮನೆ ಹುಡುಕುವಾಗ ಓನರ್ ನಯವಾಗಿ "ನೀವು ವೆಜ್ಜಾ?" ಎಂದು ಕೇಳುತ್ತಾರಲ್ಲ, ಅಲ್ಲಿಗೆ ಅರ್ಧ ಕರಗುತ್ತದೆ. ಆ ಪ್ರಶ್ನೆಗೆ ತಿರುಗಿ "ನೀವು?" ಎಂದು ಕೇಳಿದ ಬಾಡಿಗೆದಾರನಿಗೆ ಮನೆ ಸಿಕ್ಕುವುದಿಲ್ಲ.

ಹಾಗಾಗಿ ನನ್ನ ವಾದ ಇಷ್ಟು: ಖಾಸಗಿ ಹಕ್ಕಿನ ಪ್ರಶ್ನೆ ಗುಟ್ಟಿನ ಪ್ರಶ್ನೆಯೇ ಅಲ್ಲ. ನೋಟ ಯಾರಿಂದ ಯಾರ ಕಡೆಗೆ ಹರಿಯುತ್ತಿದೆ, ತಿರುಗಿ ನೋಡಲು ನಮಗೆ ದಾರಿ ಇದೆಯೇ ಎಂಬ ಪ್ರಶ್ನೆ ಅದು. ಬಲ ಇರುವವನು ಬಲ ಇಲ್ಲದವನನ್ನು ನೋಡುತ್ತಾ, ತಾನು ಕಾಣದಂತೆ ಉಳಿದರೆ ನನ್ನ ಬದುಕಿನಲ್ಲಿ ಮುಚ್ಚಿಡುವುದು ಒಂದು ಸಾಸಿವೆಯಷ್ಟೂ ಇಲ್ಲದಿದ್ದರೂ ನಾನು ಸೋತಿರುತ್ತೇನೆ.

ಬಟ್ಟೆ ಅಂಗಡಿಯ ಬಿಲ್ ಕೌಂಟರ್ ಸಾಕು ಇದನ್ನು ಕಾಣಲು. "ನಂಬರ್ ಹೇಳಿ ಮೇಡಂ." ಹಿಂದೆ ಆರೇಳು ಜನ ನಿಂತ ಸಾಲಿನಲ್ಲಿ ಆಕೆ ಹತ್ತು ಅಂಕಿಗಳನ್ನು ಗಟ್ಟಿಯಾಗಿ, ಕೆಲವೊಮ್ಮೆ ಎರಡು ಸಲ ಹೇಳುತ್ತಾಳೆ. ಯಾಕೆ ಬೇಕು ಎಂದು ಕೇಳಿದರೆ ಕೌಂಟರಿನ ಹುಡುಗ "ಸಿಸ್ಟಮ್ ತಗೊಳ್ಳಲ್ಲ ಮೇಡಂ" ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೂ ಗೊತ್ತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ನಂಬರ್‌ಗಾಗಿ ಒತ್ತಾಯಿಸಬೇಡಿ ಎಂದು ಅಂಗಡಿಗಳಿಗೆ ಸೂಚಿಸಿದೆ. ಸಿಸ್ಟಮ್‌ಗೆ ಆ ಸುದ್ದಿ ಮುಟ್ಟಿದಂತಿಲ್ಲ. ಆ ನಂಬರ್ ಎಲ್ಲಿಗೆ ಹೋಯಿತು, ಯಾರಿಗೆ ಮಾರಾಟವಾಯಿತು ಎಂದು ಆಕೆ ತಿರುಗಿ ಕೇಳುವ ಜಾಗ ಯಾವುದು? ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ಗಟ್ಟಿಯಾದದ್ದೇ. ದಿನಕ್ಕೊಬ್ಬರು ಆನ್‌ಲೈನ್ ಮೋಸಕ್ಕೆ ಬಿದ್ದು ನಿವೃತ್ತಿಯ ಹಣ ಕಳೆದುಕೊಳ್ಳುತ್ತಿರುವಾಗ ಪೊಲೀಸರಿಗೆ, ಸರ್ಕಾರಕ್ಕೆ ನೋಡುವ ಕಣ್ಣು ಬೇಡವೇ? ಬೇಕು. ಆದರೆ ‘ಡಿಜಿಟಲ್ ಅರೆಸ್ಟ್’ ಹೆಸರಿನ ಮೋಸ ನಡೆಯುವ ಬಗೆಯನ್ನು ಗಮನಿಸಿ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನು ಮೊದಲು ಹೇಳುವುದು ನಿಮ್ಮ ಪೂರ್ತಿ ಹೆಸರು, ಆಮೇಲೆ ವಿಳಾಸ, ಆಮೇಲೆ ಆಧಾರ್ ಸಂಖ್ಯೆ. ಇಷ್ಟೆಲ್ಲ ಗೊತ್ತಿರುವವನು ಪೊಲೀಸೇ ಇರಬೇಕು ಎಂದು ಮುದುಕರು ನಡುಗುವುದು ಸಹಜ. ಭಯ ಹುಟ್ಟಿಸುವ ಆ ಬಂಡವಾಳ ಸಿಕ್ಕಿದ್ದು ಎಲ್ಲೋ ಸೋರಿದ ಪಟ್ಟಿಯಿಂದ. ಮುಚ್ಚಿಡೋಕೆ ಏನೂ ಇಲ್ಲದ ಪ್ರಾಮಾಣಿಕರೂ ಈ ಮೋಸಕ್ಕೆ ಬೀಳುತ್ತಾರೆ ಎಂಬುದು ನನಗೆ ಇಡೀ ಚರ್ಚೆಯ ಅತ್ಯಂತ ಕಹಿಯಾದ ಸಂಗತಿ ಅನ್ನಿಸುತ್ತದೆ.

ಹಾಗೆಂದು ಎಲ್ಲವನ್ನೂ ಮುಚ್ಚಿಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಪಹಣಿಯ ಕಥೆ ತೆಗೆದುಕೊಳ್ಳಿ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಅದಕ್ಕೂ ಮೊದಲು ಆ ದಾಖಲೆ ಗ್ರಾಮಲೆಕ್ಕಿಗರ ಬಗಲಲ್ಲಿ ಇರುತ್ತಿತ್ತು. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ಅವರ ಮನೆ ಬಾಗಿಲು ಕಾಯಬೇಕು, ಕೈ ಬಿಸಿ ಮಾಡಬೇಕು, ಕೊಟ್ಟ ನಕಲಿನಲ್ಲಿ ಏನು ಬರೆದಿದೆಯೋ ಅದೇ ಅವನ ಹಣೆಬರಹ. ತಾಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾದಾಗ ರೈತ ಮೊದಲ ಸಲ ಕಂದಾಯ ಇಲಾಖೆಯನ್ನು ತಿರುಗಿ ನೋಡಿದ. ಆ ತೆರೆಯುವಿಕೆಯನ್ನು ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ.

ಆದರೆ ಅದೇ ಕಿಟಕಿಯಲ್ಲಿ ಬೇರೆಯವರೂ ಇಣುಕಿದರು. ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಯಾರ ಪಹಣಿಯನ್ನಾದರೂ ನೋಡಬಹುದು. 9ನೇ ಕಾಲಂನಲ್ಲಿ ಒಡೆಯರ ಹೆಸರು, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ. ಬೆಂಗಳೂರಿನ ಸುತ್ತ ಜಮೀನಿಗೆ ಚಿನ್ನದ ಬೆಲೆ ಬಂದಾಗ, ಯಾರ ಜಮೀನಿನ ಮೇಲೆ ಸಾಲ ಕೂತಿದೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರ ಭಾಗ ಇನ್ನೂ ಆಗಿಲ್ಲ ಎಂಬುದನ್ನು ದಲ್ಲಾಳಿ ಊರಿಗೆ ಕಾಲಿಡುವ ಮೊದಲೇ ಓದಿಕೊಳ್ಳಬಹುದಾಯಿತು. ರೈತನಿಗೆ ದಲ್ಲಾಳಿಯ ಹಿಂದಿರುವ ಕಂಪನಿಯ ಹೆಸರೂ ಗೊತ್ತಿರುವುದಿಲ್ಲ. ಒಂದೇ ದಾಖಲೆ ಅಧಿಕಾರಿಯ ಕಡೆ ತೆರೆದಾಗ ನ್ಯಾಯ, ದುಡ್ಡಿದ್ದವನ ಕಡೆಯಿಂದ ತೆರೆದಾಗ ಬೇಟೆ.

ಖಾಸಗಿ ಹಕ್ಕಿನ ಪ್ರಶ್ನೆಯನ್ನು ಕೋರ್ಟಿನ ಮೆಟ್ಟಿಲಿಗೆ ಒಯ್ದವರು ಕನ್ನಡನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಸಂಸತ್ತಿನ ಕಾನೂನಿಲ್ಲದೆ ಬರೀ ಸರ್ಕಾರಿ ಆದೇಶದ ಮೇಲೆ ಆಧಾರ್‌ಗಾಗಿ ಜನರ ಬೆರಳಚ್ಚು ತೆಗೆದುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಂವಿಧಾನದಲ್ಲಿ ಖಾಸಗಿ ಹಕ್ಕು ಎಂಬ ಮೂಲಭೂತ ಹಕ್ಕೇ ಇಲ್ಲ ಎಂದು 2015ರಲ್ಲಿ ಕೇಂದ್ರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ, ಇದೆ ಎಂದರು. ಮರುವರ್ಷ ಆಧಾರ್ ಪ್ರಕರಣದಲ್ಲಿ ನಾಲ್ವರು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿದರು, ಡಿ.ವೈ. ಚಂದ್ರಚೂಡ್ ಒಬ್ಬರೇ ಭಿನ್ನ ತೀರ್ಪು ಬರೆದರು. ಹಕ್ಕು ಗೆದ್ದಿತು, ಅರ್ಜಿದಾರರು ಹೆಚ್ಚುಕಡಿಮೆ ಸೋತರು.

ಫೋನ್ ಕದ್ದಾಲಿಕೆಯ ಆರೋಪಕ್ಕೆ ಒಬ್ಬ ಮುಖ್ಯಮಂತ್ರಿಯೇ ಕುರ್ಚಿ ಬಿಟ್ಟ ರಾಜ್ಯ ನಮ್ಮದು. ಮೌಲ್ಯಾಧಾರಿತ ರಾಜಕಾರಣದ ಮಾತಾಡುತ್ತಿದ್ದ ರಾಮಕೃಷ್ಣ ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟರು. 2021ರಲ್ಲಿ ಫೋನಿಗೆ ನುಸುಳುವ ಪೆಗಾಸಸ್ ಎಂಬ ಬೇಹು ತಂತ್ರಾಂಶದ ಸುದ್ದಿ ಬಂದಾಗ, 2019ರಲ್ಲಿ ಇಲ್ಲಿ ಸಮ್ಮಿಶ್ರ ಸರ್ಕಾರ ಅಲುಗಾಡುತ್ತಿದ್ದ ದಿನಗಳಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರದೂ ಸೇರಿದಂತೆ ಕೆಲವು ನಂಬರ್‌ಗಳು ಗುರಿಯ ಪಟ್ಟಿಯಲ್ಲಿದ್ದವು ಎಂದು ವರದಿಯಾಯಿತು. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಗೆ ಕೇಂದ್ರ ಸಹಕರಿಸಲಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಗಳೇ ಬಹಿರಂಗವಾಗಿ ಹೇಳಿದರು. ನಮ್ಮಲ್ಲಿ ಎಷ್ಟು ಮಂದಿಗೆ ನಿದ್ದೆ ಕೆಟ್ಟಿತು? "ಎಲ್ಲಾ ಪಾರ್ಟಿಯೋರೂ ಮಾಡ್ತಾರೆ ಬಿಡಿ" ಎಂದೆವು. 33 ವರ್ಷದಲ್ಲಿ ನಮ್ಮ ಸಿಟ್ಟು ಇಷ್ಟು ಸವೆದಿತ್ತು.

ಪೂರ್ತಿ ಸತ್ತಿರಲಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. 2025ರ ನವೆಂಬರ್ ಕೊನೆಗೆ ದೂರಸಂಪರ್ಕ ಇಲಾಖೆ, ಹೊಸ ಫೋನುಗಳಲ್ಲೆಲ್ಲ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಇರಬೇಕೆಂದು ಕಂಪನಿಗಳಿಗೆ ಆದೇಶಿಸಿತು. ಕದ್ದ ಫೋನ್ ಹುಡುಕಲು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ನೋಡಲು ಅದು ನಿಜಕ್ಕೂ ಉಪಯೋಗದ ಆ್ಯಪ್. ಆದರೂ ಸುದ್ದಿ ಹೊರಬಿದ್ದ ಕೂಡಲೆ ಗದ್ದಲವೆದ್ದಿತು. ಬೇಡವಾದರೆ ಅಳಿಸಿಕೊಳ್ಳಿ ಎಂದು ಸಚಿವರು ಹೇಳಿದರು. ಡಿಸೆಂಬರ್ 3ಕ್ಕೆ ಆದೇಶವೇ ವಾಪಸಾಯಿತು. ಇಷ್ಟಕ್ಕೆ ಕೋರ್ಟಿನ ತೀರ್ಪೂ ಬೇಕಾಗಲಿಲ್ಲ. ಲೋಕಾಭಿರಾಮದ ಮಾತಿಗೆ ಇಷ್ಟು ಶಕ್ತಿ ಇದೆ, ಆದ್ದರಿಂದಲೇ ಅದು ಎತ್ತ ಗಮನ ಕೊಡುತ್ತದೆ, ಎತ್ತ ಕೊಡುವುದಿಲ್ಲ ಎಂಬುದು ಮುಖ್ಯವಾಗುತ್ತದೆ.

ಆ ಆ್ಯಪ್ ಆದೇಶಕ್ಕೆ ಎರಡೇ ವಾರ ಮೊದಲು, ನವೆಂಬರ್ ಮಧ್ಯದಲ್ಲಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಹೊರಬಂದವು. ಆ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ಕೇಂದ್ರ ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. 44ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯನ್ನೇ ತಿದ್ದಿದೆ. ಮೊದಲು, ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಒಬ್ಬರ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನಷ್ಟೇ ಅಧಿಕಾರಿ ನಿರಾಕರಿಸಬಹುದಿತ್ತು. ಈಗ ವೈಯಕ್ತಿಕ ಮಾಹಿತಿ ಎಂದರೆ ಸಾಕು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬಹುದೆಂಬ ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಸೆಕ್ಷನ್ ಇನ್ನೂ ಇದೆಯಲ್ಲ ಎಂದು ಸರ್ಕಾರ ಹೇಳುತ್ತದೆ. ಇದೆ, ನಿಜ, ಆದರೆ ಆ ಹಿತ ದೊಡ್ಡದೋ ಸಣ್ಣದೋ ಎಂದು ಮೊದಲು ತೂಗುವವರು ಮಾಹಿತಿ ಬಚ್ಚಿಟ್ಟುಕೊಂಡ ಅದೇ ಕಚೇರಿಯವರು.

ಕೇಂದ್ರದ ಮಾಹಿತಿ ಹಕ್ಕು ಕಾಯ್ದೆಗೆ ಐದು ವರ್ಷ ಮೊದಲೇ, 2000ದಲ್ಲಿ, ಇಂಥದ್ದೊಂದು ಕಾಯ್ದೆ ಮಾಡಿಕೊಂಡಿದ್ದ ರಾಜ್ಯ ಕರ್ನಾಟಕ. ಇನ್ನು ಮುಂದೆ ಇಲ್ಲಿನ ಒಬ್ಬ ಕೂಲಿಕಾರ್ಮಿಕ ಮಹಿಳೆ, ಉದ್ಯೋಗ ಖಾತರಿಯ ಕೆಲಸಕ್ಕೆ ಬಾರದವರ ಹೆಸರಲ್ಲಿ ಹಣ ಎತ್ತಿದವರು ಯಾರು ಎಂದು ತಿಳಿಯಲು ಅರ್ಜಿ ಹಾಕಿದರೆ, "ವೈಯಕ್ತಿಕ ಮಾಹಿತಿಯಾದ ಕಾರಣ ನೀಡಲು ಬರುವುದಿಲ್ಲ" ಎಂಬ ಒಂದು ಸಾಲಿನ ಹಿಂಬರಹ ಸಾಕು. ಅರ್ಜಿಯಲ್ಲಿ ಆಕೆಯ ಹೆಸರು, ವಿಳಾಸ, ಸಹಿ ಇರುತ್ತದೆ. ಫೋನ್ ನಂಬರನ್ನೂ ಬರೆದಿರುತ್ತಾಳೆ. ಆ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಹಣ ಎತ್ತಿದವರಿಗೆ ಆಕೆಯ ಹೆಸರು ಯಾವಾಗ ಮುಟ್ಟಿತು ಎಂದು ಕೇಳಲು ಇನ್ನೊಂದು ಅರ್ಜಿ ಹಾಕಬೇಕು.