ಮೊದಲ ಪರೀಕ್ಷೆ ಕತ್ತಲೆಯಲ್ಲಿ

ಲೂಕ 11:35 ತೆರೆದುಕೊಳ್ಳಿ. ಫೋನಲ್ಲಿ ತೆರೆದರೂ ಪರವಾಗಿಲ್ಲ, ಇವತ್ತು ಫೋನ್ ಬಗ್ಗೆಯೇ ಮಾತು.

ಬಿಸಿಲಿಗೆ ಹೋದ್ರೆ ಸ್ಕ್ರೀನ್ ತಾನೇ ಬ್ರೈಟ್ ಆಗುತ್ತೆ, ಅಲ್ವಾ? ಗಾಜಿನ ಕೆಳಗೆ ಒಂದು ಪುಟ್ಟ ಬೆಳಕಿನ ಸೆನ್ಸರ್ ಇದೆ. ಒಂದೇ ಡಿಸೈನ್, ಒಂದೇ ಫ್ಯಾಕ್ಟರಿ, ಲಕ್ಷಗಟ್ಟಲೆ ಪೀಸ್. ಆದರೂ ಎರಡು ಸೆನ್ಸರ್ ಒಂದೇ ಬೆಳಕಿಗೆ ಒಂದೇ ಉತ್ತರ ಕೊಡಲ್ಲ. ಮೇಲಿನ ಗಾಜಿನ ಕಪ್ಪು ಪದರ ಚೂರು ದಪ್ಪ-ತೆಳು ಆದ್ರೂ ಸಾಕು, ಲೆಕ್ಕ ತಪ್ಪುತ್ತೆ. ಅದಕ್ಕೇ ಒಂದೊಂದನ್ನೂ ಅಳತೆ ಗೊತ್ತಿರುವ ದೀಪದ ಎದುರು ಇಟ್ಟು, ಅದರದ್ದೇ ತಿದ್ದುಪಡಿ ಸಂಖ್ಯೆಯನ್ನು ಅದರ ಮೆಮೊರಿಯಲ್ಲಿ ಬರೀತಾರೆ. ಪಕ್ಕದ ಫೋನಿನ ಸಂಖ್ಯೆ ಇದಕ್ಕೆ ಆಗಿಬರಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಬೇರೆಯವರ ಸಾಕ್ಷಿ ನೋಡಿ ಕುಗ್ಗುವವರು ಇದನ್ನ ಬರೆದಿಟ್ಕೊಳ್ಳಿ. ಆ ದೀಪವೂ ಉರಿದು ಉರಿದು ಹಳೆಯದಾಗುತ್ತೆ, ಅದನ್ನೂ ಆಗಾಗ ಮೇಲಿನ ಅಳತೆಗೆ ಹೋಲಿಸಿ ನೋಡಬೇಕು. ಪಾಸ್ಟರ್ ಕೂಡ ಹಳೆಯದಾಗುವ ದೀಪವೇ, ಮರೀಬೇಡಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕತ್ತಲೆಯ ಪರೀಕ್ಷೆ. ಬೆಳಕು ಒಂದು ಚೂರೂ ಬರದ ಹಾಗೆ ಸೆನ್ಸರನ್ನು ಮುಚ್ಚಿ, 'ಎಷ್ಟು ಬೆಳಕಿದೆ?' ಅಂತ ಓದ್ತಾರೆ. ಸೊನ್ನೆ ಅನ್ನಬೇಕು. ಎಷ್ಟೋ ಸಲ ಅನ್ನಲ್ಲ! ತನ್ನೊಳಗೇ ಸೋರುವ ಸಣ್ಣ ಕರೆಂಟನ್ನೇ ಬೆಳಕು ಅಂತ ಎಣಿಸಿಬಿಡುತ್ತೆ. ಬಿಸಿ ಏರಿದಷ್ಟೂ ಆ ಸುಳ್ಳು ಹೆಚ್ಚುತ್ತೆ. ಹಾಡು ಹಗಲಲ್ಲಿ ಇದು ಯಾರಿಗೂ ಗೊತ್ತಾಗಲ್ಲ. ಮಸುಕು ಬೆಳಕಲ್ಲೇ ಸಿಕ್ಕಿಬೀಳೋದು. ಅದಕ್ಕೇ ಮೊದಲೇ ಅಳೆದು ಕಳೆದುಬಿಡ್ತಾರೆ.

ಯೇಸು ಈ ವಚನದಲ್ಲಿ ಎಚ್ಚರಿಸುವುದು ಕುರುಡರನ್ನಲ್ಲ, ತನ್ನೊಳಗೆ ಬೆಳಕಿದೆ ಅಂದುಕೊಂಡವರನ್ನು.

ನಾನು ಒಪ್ಪಿಕೊಳ್ಳಬೇಕು. ಎಷ್ಟೋ ಭಾನುವಾರ ಕೀಬೋರ್ಡ್ ಏರಿದಾಗ ನನ್ನ ಮೈ ಜುಮ್ ಅಂದಿದೆ. ಅದನ್ನೇ ಪವಿತ್ರಾತ್ಮನ ಅಭಿಷೇಕ ಅಂತ ಮೈಕಲ್ಲಿ ಹೇಳಿಬಿಟ್ಟಿದ್ದೇನೆ. ಒಂದು ದಿನ ಒಬ್ಬ ತಮ್ಮ ಬಂದು, "ಪಾಸ್ಟರ್, ಎಲ್ಲರೂ ಅನ್ಯಭಾಷೆಯಲ್ಲಿ ಪ್ರಾರ್ಥಿಸ್ತಾರೆ, ನಂಗೆ ಏನೂ ಅನ್ಸಲ್ಲ. ನನಗೆ ರಕ್ಷಣೆ ಆಗಿಲ್ವಾ?" ಅಂದ. "ಇನ್ನೂ ಜೋರಾಗಿ ಸ್ತುತಿಸು" ಅಂದೆ. ಅವತ್ತು ಇಡೀ ಹಾಲ್‌ನಲ್ಲಿ ಸೊನ್ನೆಯನ್ನು ಸೊನ್ನೆ ಅಂತ ಓದಿದವನು ಅವನೊಬ್ಬನೇ. ನಾನು ಅವನನ್ನೇ ರಿಜೆಕ್ಟ್ ಡಬ್ಬಕ್ಕೆ ಹಾಕಿದೆ. ಆಮೇಲೆ ಅವನು ಬರಲಿಲ್ಲ. ಈ ವಾರ ಫೋನ್ ಮಾಡಿ ಕ್ಷಮೆ ಕೇಳಿದೆ. ಕೇಳಿಸಿಕೊಂಡ, ಬರ್ತೀನಿ ಅಂತ ಹೇಳಲಿಲ್ಲ.

ವರ್ಷಿಪ್ ಟೀಮ್, ಇವತ್ತು ಕೀಬೋರ್ಡ್ ಬೇಡ. ಹಿಂದುಗಡೆ ಇರೋರು ಲೈಟ್ ಆಫ್ ಮಾಡಿ. ಯಾರೂ ಕೈ ಎತ್ತಬೇಡಿ, ಜೋರಾಗಿ ಪ್ರಾರ್ಥಿಸಬೇಡಿ. ಐದು ನಿಮಿಷ ಹೀಗೇ ಕೂತು, ನಮ್ಮೊಳಗೆ ಏನು ಇದೆಯೋ, ಏನು ಇಲ್ಲವೋ, ಇದ್ದ ಹಾಗೇ ಕರ್ತನಿಗೆ ಹೇಳೋಣ.