ಕೊಳವೆ ಬದಲಾದ ಮೇಲೂ ಅದು ಅದೇನಾ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಡಿಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಡೈನಾವ್ಯಾಪ್ ಎಂಬ ಕಂಪನಿಯಿದೆ. ಅದು ಮಾಡುವ ವೇಪರೈಸರ್ ಅಂಗಿ ಜೇಬಿನಲ್ಲಿ ಪೆನ್ನಿನಂತೆ ಕೂರುತ್ತದೆ. ಬ್ಯಾಟರಿ ಇಲ್ಲ, ತಂತಿ ಇಲ್ಲ. ತುದಿಯಲ್ಲಿರುವ ಲೋಹದ ಪುಟ್ಟ ಬಟ್ಟಲಿಗೆ ಒಣಸೊಪ್ಪು ತುಂಬಿ, ಮುಚ್ಚಳ ಹಾಕಿ, ಉರಿಯ ಮೇಲೆ ತಿರುಗಿಸುತ್ತ ಕಾಯಿಸಬೇಕು. ಹದಕ್ಕೆ ಬಂದಾಗ ಮುಚ್ಚಳದೊಳಗಿನ ಲೋಹದ ಬಿಲ್ಲೆ ಬಾಗಿ 'ಟಕ್' ಎನ್ನುತ್ತದೆ, ಆರಿದಾಗ ಇನ್ನೊಮ್ಮೆ 'ಟಕ್'. ಸೊಪ್ಪು ಸುಟ್ಟು ಹೊಗೆಯಾಗುವುದಿಲ್ಲ, ಬಿಸಿಗೆ ಆವಿ ಬಿಡುತ್ತದೆ. ಇಂಥವುಗಳಲ್ಲಿ ಕ್ಯಾಮೊಮೈಲ್, ಲ್ಯಾವೆಂಡರ್ ತುಂಬುವವರಿದ್ದಾರೆ, ಗಾಂಜಾ ತುಂಬುವವರೂ ಇದ್ದಾರೆ. ಅದರ ಕಾನೂನು, ಆರೋಗ್ಯದ ಚರ್ಚೆ ಬೇರೆಯೇ ಆಗಬೇಕಾದದ್ದು. ಇಲ್ಲಿನ ವಿಷಯ, ಬಟ್ಟಲಿಗೂ ಬಾಯಿಗೂ ನಡುವೆ ಇರುವ ಕೊಳವೆ.

ಈ ಕೊಳವೆಯನ್ನು ಬಿಚ್ಚಿ ಬೇರೆಯದನ್ನು ಹಾಕಬಹುದು. ಹಾಗಾಗಿ ಮನೆಯಲ್ಲಿ ಲೇತ್ ಇಟ್ಟುಕೊಂಡ ಮರಗೆಲಸದವರು ತಾವೇ ಮರದ ಕೊಳವೆ ಕಡೆಯುತ್ತಾರೆ. ನೋಡಲು ಸಣ್ಣ ಕೆಲಸ, ಕೈಹಾಕಿದರೆ ಕಷ್ಟ ತಿಳಿಯುತ್ತದೆ. ಮೊದಲು ಹೊರಗಿನ ಆಕಾರ ಕಡೆದು ಆಮೇಲೆ ತೂತು ಕೊರೆದರೆ ಕೆಟ್ಟಿತೆಂದೇ ಲೆಕ್ಕ, ಏಕೆಂದರೆ ಡ್ರಿಲ್ ಮರದ ಎಳೆ ಹಿಡಿದು ಪಕ್ಕಕ್ಕೆ ಜಾರುತ್ತದೆ. ಬಲ್ಲವರು ಚೌಕ ತುಂಡಿಗೆ ಮೊದಲು ತೂತು ಕೊರೆಯುತ್ತಾರೆ. ಸ್ವಲ್ಪ ಕೊರೆದು, ಹೊರಗೆಳೆದು, ಹೊಟ್ಟು ಝಾಡಿಸಿ ಮತ್ತೆ ಕೊರೆಯುತ್ತಾರೆ. ಆಮೇಲೆ ಆ ತೂತನ್ನೇ ನಡುವಾಗಿಟ್ಟುಕೊಂಡು ಹೊರಮೈ ಕಡೆಯುತ್ತಾರೆ. ಟೊಳ್ಳು ಮೊದಲು, ಮೈ ಆಮೇಲೆ. ಕೊನೆಗೆ ಲೋಹದ ತುದಿ ಕೂರುವ ಜಾಗ. ಅಲ್ಲಿ ರಬ್ಬರಿನ ಉಂಗುರಗಳು ಮರವನ್ನು ಹಿಡಿಯಬೇಕು. ಬಿಗಿಯಾದರೆ ಮರ ಸೀಳುತ್ತದೆ, ಸಡಿಲವಾದರೆ ತುದಿ ಉದುರುತ್ತದೆ ಇಲ್ಲವೇ ಗಾಳಿ ಸೋರುತ್ತದೆ. ಮಳೆಗಾಲಕ್ಕೆ ಮರ ಉಬ್ಬುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊರಮೈಗೆ ಎಣ್ಣೆ, ಜೇನುಮೇಣ ಉಜ್ಜಬಹುದು. ಒಳಗಿನ ದಾರಿಗೆ ಮಾತ್ರ ಏನನ್ನೂ ಬಳಿಯುವುದು ತರವಲ್ಲ. ಬಿಸಿ ಆವಿ ಹಾಯುವುದು ಅಲ್ಲಿಂದಲೇ. ಚನ್ನಪಟ್ಟಣದ ಬೊಂಬೆಗೆ ಅಷ್ಟು ಚೆಂದ ಹೊಂದುವ ಅರಗೂ ಇಲ್ಲಿ ಸಲ್ಲದು, ಬಿಸಿ ತಾಗಿದರೆ ಮೆತ್ತಗಾಗುತ್ತದೆ.

ಒಬ್ಬ ಬಳಕೆದಾರ ಮೊದಲ ವರ್ಷ ಕೊಳವೆ ಬದಲಿಸಿದ, ಮರುವರ್ಷ ಮುಚ್ಚಳ, ಅದರ ಮರುವರ್ಷ ತುದಿ ಎಂದುಕೊಳ್ಳೋಣ. ಈಗ ಅವನ ಕೈಯಲ್ಲಿರುವುದು ಅಂದು ಕೊಂಡದ್ದೇ? ಕಳಚಿದ ಹಳೆಯ ಭಾಗಗಳನ್ನೆಲ್ಲ ಗೆಳೆಯನೊಬ್ಬ ಜೋಡಿಸಿಕೊಂಡಿದ್ದರೆ ಅಸಲು ಯಾವುದು? ಇದು ಹಳೆಯ ಪ್ರಶ್ನೆ. ಗ್ರೀಕ್ ಪುರಾಣದ ವೀರ ಥೀಸಿಯಸ್‌ನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಕತೆಯನ್ನು ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳಿದ. ಹಳೆಯ ಹಲಗೆಗಳಿಂದ ಇನ್ನೊಂದು ಹಡಗು ಕಟ್ಟಿದರೆ ಹೇಗೆಂದು ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ 1655ರಲ್ಲಿ ಕೇಳಿದ. ಅವನಿಗೆ ಊಹೆಯಾಗಿದ್ದದ್ದು ಬಿಡಿಭಾಗ ಕೊಳ್ಳುವ ಇಂದಿನವರಿಗೆ ಮೇಜಿನ ಮೇಲಿನ ಸಂಗತಿ.

ಭಾರತದ ತಾರ್ಕಿಕರು ಈ ಗಂಟನ್ನು ಶತಮಾನಗಳ ಕಾಲ ಎಳೆದಾಡಿದರು. ರಥವೆಂಬುದು ಅಚ್ಚೇ, ಗಾಲಿಯೇ, ನೊಗವೇ ಎಂದು ಭಿಕ್ಷು ನಾಗಸೇನ ಯವನ ರಾಜ ಮಿಲಿಂದನನ್ನು ಕೇಳುತ್ತಾನೆ. ಯಾವುದೂ ಅಲ್ಲ, ಭಾಗಗಳು ಕೂಡಿದಾಗ ಇಟ್ಟುಕೊಂಡ ಹೆಸರು ಅದು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನ್ಯಾಯ-ವೈಶೇಷಿಕರಿಗೆ ಇದು ಒಪ್ಪಿಗೆಯಿಲ್ಲ. ಅವರಿಗೆ ಅವಯವಗಳಿಂದ ಬೇರೆಯಾದ ಅವಯವಿಯೊಂದು ನಿಜವಾಗಿ ಇದೆ, ನೂಲೇ ಬಟ್ಟೆಯಲ್ಲ. ಹಾಗಾದರೆ ಒಂದು ಎಳೆ ಕಿತ್ತರೆ? ಅವರ ಉತ್ತರ ಅಚ್ಚರಿ ಹುಟ್ಟಿಸುತ್ತದೆ: ಹಳೆಯ ಬಟ್ಟೆ ನಾಶವಾಯಿತು, ಖಂಡಪಟವೆಂಬ ಹೊಸತು ಹುಟ್ಟಿತು. ಇಡೀ ವಸ್ತು ನಿಜವೆಂದು ವಾದಿಸಿದವರೇ ಒಂದೆಳೆಗೆ ಅದನ್ನು ಬಿಟ್ಟುಕೊಟ್ಟರು. ಎರಡೂ ಕಡೆಯವರ ತರ್ಕ ಗಟ್ಟಿಯಾದದ್ದೇ. ಆದರೆ ವರ್ಷಗಟ್ಟಲೆ ಕೈಯಲ್ಲಿ ಹಿಡಿದವನ 'ಇದು ನನ್ನದೇ' ಎಂಬ ಅನುಭವಕ್ಕೆ ಅದು ನಿಲುಕುವುದಿಲ್ಲ.

ನಿಲುಕುವ ಉತ್ತರ ಪುರಿಯಲ್ಲಿದೆ. ದೇವರ ಮೂರ್ತಿಯನ್ನೂ ಈ ಕೊಳವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತು ಇದಲ್ಲ. ಮರದ ವಸ್ತು ಬದಲಾದಾಗ ಏನು ಉಳಿಯುತ್ತದೆ, ಏನು ಹೋಗುತ್ತದೆ ಎಂದು ಜಗನ್ನಾಥನ ಸೇವಕರಷ್ಟು ಆಳವಾಗಿ ಬದುಕಿ ತೋರಿಸಿದವರು ಕಡಿಮೆ. ಆಷಾಢ ಅಧಿಕಮಾಸವಾಗಿ ಬರುವ ವರ್ಷ ಅಲ್ಲಿ ನವಕಲೇವರ, ಅಂದರೆ ದೇವರಿಗೆ ಹೊಸ ಮೈ ಕೊಡುವ ಆಚರಣೆ, ನಡೆಯುತ್ತದೆ; 1996ರಲ್ಲಿ ನಡೆಯಿತು, ಮತ್ತೆ 2015ರಲ್ಲಿ. ಬೇವಿನ ಮರ ಹುಡುಕಿ ತಂದು ಹೊಸ ಮೂರ್ತಿ ಕೆತ್ತುತ್ತಾರೆ. ದೈತಾಪತಿಗಳೆಂಬ ಸೇವಕರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಕೈಗೂ ಬಟ್ಟೆ ಸುತ್ತಿಕೊಂಡು, ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹಳೆಯ ಮೈಯಿಂದ ತೆಗೆದು ಹೊಸ ಮೈಯಲ್ಲಿ ಇರಿಸುತ್ತಾರೆ. ದೇವರು ಅವನೇ. ಅಲ್ಲಿಗೇ ಮುಗಿಯುವುದಿಲ್ಲ. ಹಳೆಯ ಮೂರ್ತಿಗಳನ್ನು ಕೋಯಿಲಿ ವೈಕುಂಠವೆಂಬ ಜಾಗದಲ್ಲಿ ಮಣ್ಣು ಮಾಡಿ, ಮನೆಯ ಹಿರಿಯರು ತೀರಿಕೊಂಡಂತೆ ಸೂತಕ ಹಿಡಿಯುತ್ತಾರೆ, ತಲೆ ಬೋಳಿಸಿಕೊಳ್ಳುತ್ತಾರೆ. ಅವನೇ ಉಳಿದಿದ್ದಾನೆ, ಆದರೂ ಒಂದು ಸಾವು ಆಗಿದೆ. ತರ್ಕ ಇವೆರಡರಲ್ಲಿ ಒಂದನ್ನು ಬಿಡು ಎನ್ನುತ್ತದೆ. ಆಚರಣೆ ಎರಡನ್ನೂ ಇಟ್ಟುಕೊಂಡಿದೆ. ಈ ಲೇಖನ ಆಚರಣೆಯ ಪಕ್ಷ.

ಲೇತ್ ಮುಂದೆ ನಿಂತವನ ಕೆಲಸದಲ್ಲೂ ಈ ಎರಡು ಎಳೆಗಳಿವೆ. ಹಳೆಯ ಕೊಳವೆಯ ಮೇಲಿದ್ದ ಹಲ್ಲಿನ ಗುರುತು, ಬೆರಳ ಜಿಡ್ಡಿಗೆ ಬಂದ ಕಪ್ಪು ಹೊಳಪು ಹೊಸದಕ್ಕೆ ಬಾರದು. ಆ ನಷ್ಟ ನಿಜ. ಉಳಿಯುವುದು ಹೊಂದಿಕೆ: ಹೊಸ ಮರ ಹಳೆಯ ತುದಿಗೆ ಕೂರುವಂತೆ ಮತ್ತೆ ಮತ್ತೆ ಅಳೆದ ಅಳತೆ. ಹೊಸತನ್ನು ಹಳೆಯದಕ್ಕೆ ಹೀಗೆ ಒಪ್ಪಿಸುವವರು ಇರುವವರೆಗೆ ವಸ್ತು ಅದೇ. ಮೂರೂ ಭಾಗಗಳನ್ನು ಒಂದೇ ದಿನ ಅಂಗಡಿಯಲ್ಲಿ ಕೊಂಡರೆ ಅದು ಬೇರೆ. ಬದಲಾದ ಭಾಗಗಳ ಲೆಕ್ಕ ಎರಡೂ ಕಡೆ ಒಂದೇ. ಹಳೆಯದನ್ನು ಎದುರಿಗಿಟ್ಟುಕೊಂಡು ಹೊಸದನ್ನು ಮಾಡಿದ್ದು ಮಾತ್ರ ಒಂದು ಕಡೆ.

ಮರ ಆರಿಸುವಾಗಲೂ ಒಂದು ಎಚ್ಚರ ಬೇಕು. ನಮ್ಮ ಬೀಟೆ ಸೇರಿದ ಡಾಲ್ಬರ್ಜಿಯಾ ಕುಲ 2017ರ ಜನವರಿಯಿಂದ ಅಳಿವಿನ ಭಯವಿರುವ ಸಸ್ಯ, ಪ್ರಾಣಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಅದೇ ಕುಲದ ಕೊಕೊಬೊಲೊ ಮರದ ಪುಡಿ ಹಲವರ ಚರ್ಮಕ್ಕೆ ತುರಿಕೆ ತರುತ್ತದೆ. ಬೆರಳುಗಾತ್ರದ ಕೊಳವೆಗೆ ಯಾವ ಮರವನ್ನೂ ಕಡಿಯಬೇಕಿಲ್ಲ, ಪೀಠೋಪಕರಣ ಮಾಡುವಲ್ಲಿ ಉಳಿದ ಅಕ್ರೋಟು ಮರದ ತುಂಡು ಧಾರಾಳ ಸಾಕು. ಹೊಸದು ಸರಿಯಾಗಿ ಕೂರುವವರೆಗೆ ಹಳೆಯ ಕೊಳವೆಯನ್ನು ದಯವಿಟ್ಟು ಎಸೆಯಬೇಡಿ. ಅಳತೆ ತೆಗೆಯಬೇಕಾದದ್ದು ಅದರಿಂದಲೇ.